‘ನನ್ನನ್ನು ಕೇಳಿದವರು ಯಾರು ಸ್ವಾಮಿ?’
ಮಧುಗಿರಿ ಕಡೆಯ ಹಾಸುಬಂಡೆಯೊಂದರ ಸಂದರ್ಶನ

ವಾರಾಂತ್ಯಕ್ಕೆ ನಕ್ಷತ್ರ ನೋಡಲು ಹೊರಡುವ ಗುಂಪುಗಳು ಬೆಂಗಳೂರಿನಲ್ಲಿ ಈಗ ಬೇಕಾದಷ್ಟಿವೆ. ಹೊರಡುವ ಮುಂಚೆ ಅವರು ಯಾರನ್ನೆಲ್ಲ ಕೇಳುತ್ತಾರೆ! ಗೂಗಲ್ ನಕ್ಷೆಯನ್ನು ಕೇಳುತ್ತಾರೆ, ಮೋಡ ಹೇಳುವ ಆ್ಯಪನ್ನು ಕೇಳುತ್ತಾರೆ, ಹೋದ ವರ್ಷ ಎಲ್ಲಿಗೋ ಹೋಗಿಬಂದ ಸಹೋದ್ಯೋಗಿಯ ಭಾವಮೈದುನನನ್ನೂ ಬಿಡುವುದಿಲ್ಲ. ಯಾವ ನೆಲದ ಮೇಲೆ ಬೆನ್ನು ಚಾಚಬೇಕೋ ಆ ನೆಲವನ್ನು ಮಾತ್ರ ಯಾರೂ ಮಾತಾಡಿಸಿದ ದಾಖಲೆಯಿಲ್ಲ. ಆ ಕೊರತೆ ನೀಗಿಸಲೆಂದು ತುಮಕೂರು ಜಿಲ್ಲೆಯಲ್ಲಿ, ಮಧುಗಿರಿಗೂ ಪಾವಗಡಕ್ಕೂ ನಡುವೆ ಎಲ್ಲೋ ಒಂದು ಕಡೆ ಅಂಗಾತ ಮಲಗಿರುವ ಹಾಸುಬಂಡೆಯೊಂದನ್ನು ಹುಡುಕಿಕೊಂಡು ಹೋದೆವು. ಅದರ ಒಂದು ಮಗ್ಗುಲಲ್ಲಿ ಹಳೇ ಚುನಾವಣೆಯ ಸುಣ್ಣದ ಗುರುತು ಇನ್ನೂ ಅಳಿಸಿಲ್ಲ. ಇನ್ನೊಂದು ಮಗ್ಗುಲಲ್ಲಿ ಬಾಣ ನೆಟ್ಟ ಹೃದಯ, ಎರಡು ಇನಿಶಿಯಲ್ಲು. ಪುಷ್ಯಮಾಸದ ಚಳಿ, ಅಮಾವಾಸ್ಯೆಯ ಹಿಂದಿನ ರಾತ್ರಿ. ಬಂಡೆ ಬಾಯಿ ಬಿಡಲು ತುಸು ಹೊತ್ತು ಹಿಡಿಯಿತು. ವಯಸ್ಸು ನೋಡಿದರೆ ದೂರುವಂತಿಲ್ಲ.

ನಾವು: ನಮಸ್ಕಾರ ಬಂಡೆಯವರೇ. ಮೊದಲಿಗೆ ತಮ್ಮ ಪರಿಚಯ ಮಾಡಿಕೊಡಬೇಕು.

ಬಂಡೆ: ಮೊದಲು ಆ ಟಾರ್ಚು ಆರಿಸಿ ಸ್ವಾಮಿ. ಪರಿಚಯ ಎಲ್ಲಿಗೂ ಓಡಿಹೋಗಲ್ಲ.

(ಆರಿಸಿದೆವು.)

ಹಾಂ, ಈಗ ಕೇಳಿ. ನಮ್ಮದು ಗ್ರಾನೈಟ್ ಮನೆತನ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತಿದ್ರಲ್ಲ, ಆ ಹೆಸರನ್ನೇ ಭೂವಿಜ್ಞಾನದವರು ನಮ್ಮ ವಂಶಕ್ಕೂ ಅಂಟಿಸಿದ್ರು. ವಯಸ್ಸು ಸುಮಾರು 250 ಕೋಟಿ ವರ್ಷ. ದಾಯಾದಿಗಳು ಕನಕಪುರ, ರಾಮನಗರ, ಮಾಗಡಿ ಉದ್ದಕ್ಕೂ ಇದ್ದಾರೆ. ರಾಮನಗರದವರು 1975ರ ‘ಶೋಲೆ’ಯಲ್ಲಿ ಪಾರ್ಟು ಮಾಡಿದಮೇಲೆ ನಮ್ಮ ಜೊತೆ ಮಾತು ಕಮ್ಮಿ. ಲಾಲ್‌ಬಾಗ್‌ನಲ್ಲಿ ದೊಡ್ಡಪ್ಪನೊಬ್ಬ ಇದ್ದಾನೆ, 300 ಕೋಟಿ ದಾಟಿದವನು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡು ಹಾಕಿ, ತಲೆ ಮೇಲೆ ಕೆಂಪೇಗೌಡರ ಗೋಪುರ ಇಟ್ಟು ಮರ್ಯಾದೆ ಮಾಡಿದ್ದಾರೆ. ಆದರೆ ಅವನಿಗೆ ರಾತ್ರಿ ಅನ್ನೋದು ಸಿಕ್ಕಿ ಎಷ್ಟೋ ವರ್ಷ ಆಯ್ತು, ಪಾಪ.

ನಾವು: ಅಂದರೆ 250 ಕೋಟಿ ವರ್ಷಗಳಿಂದ ತಾವು ನಕ್ಷತ್ರ ನೋಡುತ್ತಾ ಬಂದಿದ್ದೀರಿ!

ಬಂಡೆ: ಪತ್ರಿಕೆಯವರಿಗೆ ಯಾವಾಗಲೂ ಹೆಡ್ಡಿಂಗಿನ ಮೇಲೇ ಕಣ್ಣು. ನಾನು ಹುಟ್ಟಿದ್ದು ನೆಲದಡಿ, ಕಿಲೋಮೀಟರುಗಟ್ಟಲೆ ಆಳದಲ್ಲಿ. ಮೇಲಿದ್ದ ನೆಲವೆಲ್ಲ ಮಳೆಗಾಳಿಗೆ ಸವೆದು ಕೊಚ್ಚಿಹೋಗಿ ನನ್ನ ಮುಖಕ್ಕೆ ಆಕಾಶ ಕಂಡಿದ್ದು ಎಷ್ಟೋ ಕಾಲ ಆದಮೇಲೆ. ಆದರೂ ಒಂದು ಮಾತು ಹೇಳ್ತೀನಿ. ನೀವು ದುಡ್ಡು ಕೊಟ್ಟು ನೋಡೋಕೆ ಬರ್ತೀರಲ್ಲ, ಆ ನಕ್ಷತ್ರಗಳಲ್ಲಿ ಎಷ್ಟೋ ನನ್ನ ಮುಂದೆ ಹುಟ್ಟಿದ ಕೂಸು. ಕೃತ್ತಿಕೆಗೆ ಸುಮಾರು 10 ಕೋಟಿ ವರ್ಷ. ಆ ಕೆಂಪಗೆ ಉರೀತಿರೋ ಆರ್ದ್ರಾ ನಕ್ಷತ್ರಕ್ಕೆ ಒಂದು ಕೋಟಿ ಆಗಿದ್ರೆ ಹೆಚ್ಚು, ಆಗಲೇ ಅದಕ್ಕೆ ಮುಪ್ಪು ಬಂದಿದೆ. ಗುಂಪಿನಲ್ಲಿ ಯಾರೋ ಒಬ್ಬರು ಕೃತ್ತಿಕೆ ಕಡೆ ಕೈ ತೋರಿಸಿ ‘ಅಬ್ಬಾ, ಎಂಥ ಪುರಾತನ ನೋಟ’ ಅಂತಾರೆ. ಅದರ 25 ಪಟ್ಟು ವಯಸ್ಸಾದವನ ಮೇಲೆ ಚಿಪ್ಸ್ ಪುಡಿ ಉದುರಿಸ್ಕೊಂಡು ನಿಂತಿರ್ತಾರೆ.

ನಾವು: ನಿಮ್ಮಲ್ಲಿಗೆ ಬರುವವರು ಜಾಗವನ್ನು ಹೇಗೆ ಆರಿಸುತ್ತಾರೆ?

ಬಂಡೆ: ಮತದಾನ. ವಾಟ್ಸಾಪಿನಲ್ಲಿ. ಮುಂದಿನ ಟ್ರಿಪ್ಪಿನ ಪೋಲನ್ನ ನನ್ನ ಮೇಲೆ ಕೂತೇ ಹಾಕ್ತಾರೆ, ಜೋರಾಗಿ ಓದ್ತಾರೆ, ಹಾಗಾಗಿ ಎಲ್ಲಾ ಬಾಯಿಪಾಠ. ಕಾರು ಟೆಂಟಿನ ತನಕ ಬರುತ್ತಾ? ವೆಸ್ಟರ್ನ್ ಟಾಯ್ಲೆಟ್ಟು ಇದೆಯಾ? ನೆಟ್‌ವರ್ಕ್ ಸಿಗುತ್ತಾ? ಪೂಲ್ ಇದ್ರೆ ಮಕ್ಕಳಿಗೆ ಟೈಂಪಾಸು. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸ್ತೀರಾ? ಈ ಕೊನೇ ಪ್ರಶ್ನೆಗೆ ಬಂದಷ್ಟು ವೋಟು ಇನ್ಯಾವುದಕ್ಕೂ ಬರಲ್ಲ. ಕತ್ತಲು ಇದೆಯಾ ಅಂತ ಯಾರಾದ್ರೂ ಕೇಳ್ತಾರೇನೋ ಅಂತ ಕಾದೆ. ಒಬ್ಬ ಹುಡುಗ ಕೊನೆಗೂ ಕೈ ಎತ್ತಿದ. ‘ಅಲ್ಲಿ ಲೈಟಿನ ವ್ಯವಸ್ಥೆ ಹೇಗೆ?’ ಅಂದ.

ನಾವು: ದಿನಾಂಕವಾದರೂ ನೋಡಿ ಇಡುತ್ತಾರಲ್ಲ?

ಬಂಡೆ: ಇಡ್ತಾರೆ, ಸರ್ಕಾರಿ ರಜೆ ನೋಡಿ. ಒಂದು ಸಲ ಶುಕ್ರವಾರ ರಜೆ ಸೇರಿ ಮೂರು ದಿನ ಸಿಕ್ತು ಅಂತ ಎರಡು ಟೆಂಪೋ ಟ್ರಾವೆಲರ್ ತುಂಬ ಜನ ಬಂದಿಳಿದ್ರು. ಸೂರ್ಯ ಆ ಕಡೆ ಇಳಿಯೋದಕ್ಕೂ ಈ ಕಡೆ ಹುಣ್ಣಿಮೆ ಚಂದ್ರ ಏಳೋದಕ್ಕೂ ಸರಿಹೋಯ್ತು. ಬೆಳಗಿನ ತನಕ ಅವನು ಇಳೀಲಿಲ್ಲ. ಪುಸ್ತಕ ಓದೋ ಅಷ್ಟು ಬೆಳಕು, ಹತ್ತಿಪ್ಪತ್ತು ನಕ್ಷತ್ರ ಕಂಡ್ರೆ ಅವರ ಪುಣ್ಯ. ಕರ್ಕೊಂಡು ಬಂದ ಪುಣ್ಯಾತ್ಮ ಒಂಚೂರೂ ಗಾಬರಿ ಆಗಲಿಲ್ಲ. ಕಾರ್ಯಕ್ರಮಕ್ಕೆ ‘ಮೂನ್‌ಲೈಟ್ ಸ್ಪೆಷಲ್’ ಅಂತ ಹೆಸರಿಟ್ಟು ತಲೆಗೆ ಇನ್ನೂರು ಹೆಚ್ಚಿಗೆ ವಸೂಲಿ ಮಾಡಿದ.

ಇದಕ್ಕೆ ಆ್ಯಪ್ ಏನೂ ಬೇಡ ಸ್ವಾಮಿ. ಅಡುಗೆಮನೆ ಗೋಡೆ ಮೇಲೆ ಕ್ಯಾಲೆಂಡರ್ ನೇತಾಡ್ತಿರುತ್ತಲ್ಲ, ಏಕಾದಶಿ ಸಂಕಷ್ಟಿ ಎಲ್ಲಾ ಇರೋದು, ಅದನ್ನ ಒಂದ್ಸಲ ತಿರುವಿ. ಅಮಾವಾಸ್ಯೆಗೆ ಹತ್ತಿರದ ಶನಿವಾರ ಹಿಡೀರಿ. ಅಮಾವಾಸ್ಯೆ ಕಳೆದು ಎರಡು ಮೂರು ದಿನ ಆಗಿದ್ರೂ ಚಿಂತೆ ಇಲ್ಲ, ಆ ಗೆರೆಚಂದ್ರ ನೀವು ಊಟ ಮುಗಿಸೋದ್ರೊಳಗೆ ಮುಳುಗಿರ್ತಾನೆ. ಕೃಷ್ಣಪಕ್ಷದ ಅಷ್ಟಮಿ ಆದ್ರೆ ಚಂದ್ರ ಏಳೋದೇ ನಡುರಾತ್ರಿ ಹೊತ್ತಿಗೆ, ಅರ್ಧ ರಾತ್ರಿ ನಿಮ್ಮದು.

ಮಾಸವೂ ನೋಡಬೇಕು. ಆಗಸ್ಟ್ 12–13ಕ್ಕೆ ಪರ್ಸಿಡ್ ಉಲ್ಕಾಪಾತ ಅಂತ ಟೀವಿಯವರು ಕಿರುಚ್ತಾರೆ, ಇವರು ಗಂಟುಮೂಟೆ ಕಟ್ಕೊಂಡು ಬಂದು ಶ್ರಾವಣದ ಮೋಡಕ್ಕೆ ಟೆಲಿಸ್ಕೋಪು ಹಿಡೀತಾರೆ. ಉಲ್ಕೆ ನೋಡಲೇಬೇಕು ಅಂದ್ರೆ ಡಿಸೆಂಬರ್ 13–14ರ ಜೆಮಿನಿಡ್ ಇದೆ, ಅಷ್ಟರಲ್ಲಿ ಹಿಂಗಾರೂ ಮುಗೀತಾ ಬಂದಿರುತ್ತೆ. ಡಿಸೆಂಬರಿಂದ ಮಾರ್ಚ್ ತನಕ ನಮ್ಮ ಕಡೆ ಆಕಾಶ ತೊಳೆದಿಟ್ಟ ಹಾಗಿರುತ್ತೆ. ಫೋಟೋದಲ್ಲಿ ಕಾಣೋ ಆಕಾಶಗಂಗೆಯ ದಪ್ಪ ಭಾಗ ಬೇಕು ಅನ್ನೋರಿಗೆ ಮಾತ್ರ ಸ್ವಲ್ಪ ತ್ರಾಸು. ಅದು ಸಂಜೆ ಹೊತ್ತಿಗೇ ಕಾಣೋದು ಜೂನ್ ಜುಲೈ ಸುಮಾರಿಗೆ, ಆಗ ಮಳೆ. ಹಾಗಾಗಿ ಮಾರ್ಚಿನಲ್ಲಿ ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಏಳಬೇಕು. ಎದ್ದು ನೋಡಿದಮೇಲೂ ‘ಇನ್‌ಸ್ಟಾದಲ್ಲಿ ನೇರಳೆ ಬಣ್ಣ ಇತ್ತಲ್ಲ, ಇಲ್ಯಾಕೆ ಬೂದಿ ಬಣ್ಣ?’ ಅಂತ ನನ್ನನ್ನೇ ದೂರ್ತಾರೆ. ಕ್ಯಾಮೆರಾ ಹೊತ್ತುಗಟ್ಟಲೆ ಬೆಳಕು ಕೂಡಿಡುತ್ತೆ, ನಿಮ್ಮ ಕಣ್ಣಿಗೆ ಆ ವಿದ್ಯೆ ಇಲ್ಲ ಅಂತ ಯಾರು ಹೇಳೋದು.

ನಾವು: ಅಮಾವಾಸ್ಯೆ ಅಂದರೆ ಮನೆಯಲ್ಲಿ ಹಿರಿಯರು ಒಪ್ಪುತ್ತಾರೆಯೇ?

ಬಂಡೆ: ಹಿರಿಯರು ಹಾಗಿರಲಿ, ಊರವರು ಒಪ್ಪಬೇಕಲ್ಲ! ಇದನ್ನ ಸರಿಯಾಗಿ ಬರ್ಕೊಳಿ, ಯಾಕಂದ್ರೆ ನಿಮ್ಮ ಯಾವ ಕ್ಯಾಂಪಿಂಗ್ ಪುಸ್ತಕದಲ್ಲೂ ಇದು ಇರಲ್ಲ. ನಮ್ಮ ಸೀಮೆಯಲ್ಲಿ ಅಮಾವಾಸ್ಯೆ ರಾತ್ರಿ, ಹಾಳು ಗುಡಿ ಪಕ್ಕದ ಬಂಡೆ ಹತ್ರ, ಬೇರೆ ಊರಿನ ಕಾರಲ್ಲಿ ಬಂದು, ಕಂಬಳಿ ಹೊದ್ದು, ಮೂರು ಕಾಲಿನ ಏನನ್ನೋ ನೆಟ್ಟು, ಪಿಸುಮಾತಾಡೋರು ಒಂದೇ ಜಾತಿ. ನಿಧಿಗಳ್ಳರು. ಗುಡಿ ಕೆಳಗೆ ಚಿನ್ನ ಇದೆ ಅಂತ ಲಿಂಗ ಕಿತ್ತು, ಬಸವನ ಒಡೆದು, ಗುಂಡಿ ತೋಡಿ ಹೋದವರನ್ನ ಈ ಜನ ಕಣ್ಣಾರೆ ಕಂಡಿದ್ದಾರೆ. ನೀವು ಹೋಗಿ ‘ಇಲ್ಲ, ನಾವು ಆಂಡ್ರೋಮಿಡಾ ಹುಡುಕ್ತಿದೀವಿ’ ಅಂದ್ರೆ, ಅದು ಯಾವ ಹೊಸ ನಿಧಿ ಅಂತ ಕೇಳ್ತಾರೆ.

ಹೋದ ಚಳಿಗಾಲದಲ್ಲಿ ನಡೆದಿದ್ದು. ರಾತ್ರಿ ತ್ರೀಫೇಸ್ ಕರೆಂಟು ಬಂತು ಅಂತ ಪಂಪ್‌ಸೆಟ್ ಹಾಕೋಕೆ ಹೊರಟ ರೈತನೊಬ್ಬ ನಕ್ಷತ್ರ ನೋಡೋಕೆ ಬಂದ ಗುಂಪಿನ ಕೆಂಪು ಟಾರ್ಚು ಕಂಡ. ಕೆಂಪು ಬೆಳಕು, ಅಮಾವಾಸ್ಯೆ, ಇನ್ನೇನು ಬೇಕು! ಊರಿಗೆ ಊರೇ ದೊಣ್ಣೆ ಹಿಡಿದು ಎದ್ದು ಬಂತು. ಟೆಲಿಸ್ಕೋಪಿನ ಕೊಳವೆಯನ್ನ ಅಲ್ಲಾಡಿಸಿ ಒಳಗೇನಿದೆ ಅಂತ ನೋಡಿದ್ರು. ಪುಣ್ಯಕ್ಕೆ ಗುಂಪಿನಲ್ಲೊಬ್ಬ ಹೆಣ್ಣುಮಗಳು, ಇಲ್ಲೇ ಶಿರಾ ಕಡೆಯವಳಂತೆ, ‘ಅಣ್ಣಾ, ಸಿಟ್ಟಾಗಬೇಡಿ, ಒಂದ್ಸಲ ಇದರಲ್ಲಿ ಕಣ್ಣಿಟ್ಟು ನೋಡಿ’ ಅಂದ್ಲು. ಒಳಗೆ ಗುರುಗ್ರಹ, ಅದರ ಅಕ್ಕಪಕ್ಕ ನಾಲ್ಕು ಚಂದ್ರ ಸಾಲಾಗಿ. ಆ ರೈತ ನೋಡಿದ, ಅವನ ಹಿಂದಿದ್ದವ ನೋಡಿದ, ಆಮೇಲೆ ದೊಣ್ಣೆಗಳನ್ನ ನನ್ನ ಮೇಲೆ ಒರಗಿಸಿಟ್ಟು ಕ್ಯೂ ನಿಂತ್ರು. ಮನೆಗೆ ಹೋಗಿ ಮಕ್ಕಳನ್ನ ಎಬ್ಬಿಸ್ಕೊಂಡು ಬಂದವರೂ ಉಂಟು. ಬೆಂಗಳೂರಿನವರಿಗೆ ಆ ರಾತ್ರಿ ಟೆಲಿಸ್ಕೋಪು ವಾಪಸ್ ಸಿಕ್ಕಿದಾಗ ಎರಡು ಗಂಟೆ.

ಅದಕ್ಕೇ ಹೇಳೋದು, ಜಾಗ ಗೊತ್ತು ಮಾಡೋದು ಅಂದ್ರೆ ಮೊದಲು ಊರಿನ ಜೊತೆ ಮಾತು ಗೊತ್ತು ಮಾಡೋದು. ಹಗಲಲ್ಲಿ ಬನ್ನಿ, ಪಂಚಾಯಿತಿಗೆ ತಿಳಿಸಿ, ಠಾಣೆಗೆ ಒಂದು ಮಾತು ಹಾಕಿ, ಜಮೀನು ಯಾರದು ಕೇಳಿ. ಕಾಡಿನ ಗಡಿಯೊಳಗೆ ಆದ್ರೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ರಾತ್ರಿ ಉಳಿಯೋ ಹಾಗಿಲ್ಲ. ಕೋಟೆ ಆದ್ರೆ ಸಂಜೆ ಬಾಗಿಲು. ಮಧುಗಿರಿ ಏಕಶಿಲೆ ಮೇಲೆ ರಾತ್ರಿ ಕಳೀತೀವಿ ಅಂತ ಪ್ಲಾನ್ ಹಾಕ್ಕೊಂಡು ಬಂದು ಕೆಳಗಿನಿಂದಲೇ ಕೈ ಮುಗಿದು ಹೋದವರಿಗೆ ಲೆಕ್ಕ ಇಲ್ಲ.

ನಾವು: ಕತ್ತಲಿನ ವಿಷಯಕ್ಕೆ ಬರೋಣ. ನಿಮ್ಮದು ಎಷ್ಟನೇ ದರ್ಜೆಯ ಕತ್ತಲು?

ಬಂಡೆ: ಅಮೆರಿಕದ ಜಾನ್ ಬಾರ್ಟಲ್ ಅನ್ನೋ ಮಹಾನುಭಾವರು 2001ರಲ್ಲಿ ಕತ್ತಲಿಗೆ ಒಂಬತ್ತು ದರ್ಜೆ ಮಾಡಿದ್ರು. ಒಂದು ಅಂದ್ರೆ ಅಪ್ಪಟ ಕತ್ತಲು. ಒಂಬತ್ತು ಅಂದ್ರೆ ನಿಮ್ಮ ಮೆಜೆಸ್ಟಿಕ್ಕು. ನಾನು ನಾಲ್ಕರ ಸುತ್ತಮುತ್ತ ಇದೀನಿ ಅಂತ ಬಂದವರು ಹೇಳ್ತಾರೆ. ನನಗೆ ಆ ಅಂಕಿ ಬೇಡ. ಸಪ್ತರ್ಷಿ ಮಂಡಲ ಎದ್ದಿದ್ರೆ ವಸಿಷ್ಠನ ಪಕ್ಕ ಅರುಂಧತಿ ಕಾಣ್ತಾಳಾ ನೋಡಿ. ಕಂಡ್ರೆ ಒಂದು ಮಟ್ಟಿಗೆ ಜಾಗ ಪರವಾಗಿಲ್ಲ. ಮದುವೇಲಿ ಪುರೋಹಿತರು ಹಗಲು ಹನ್ನೊಂದೂವರೆಗೆ, ಕಲ್ಯಾಣಮಂಟಪದ ತಗಡಿನ ಶೀಟಿನ ಕಡೆ ಕೈ ತೋರಿಸಿ ‘ಅರುಂಧತಿ ಕಂಡಳಾ?’ ಅಂದಾಗ ‘ಕಂಡಳು’ ಅಂತ ಸುಳ್ಳು ಹೇಳಿದವರಿಗೆ ಪ್ರಾಯಶ್ಚಿತ್ತವೂ ಆದ ಹಾಗಾಯ್ತು.

ನಾವು: ಉಪಗ್ರಹದಿಂದ ತೆಗೆದ ಬೆಳಕಿನ ನಕ್ಷೆಗಳಿವೆಯಲ್ಲ, ಅವು ನೋಡಿದರೆ ಸಾಲದೆ?

ಬಂಡೆ: ನೋಡಿ, ಬೇಡ ಅನ್ನಲ್ಲ. ಆದರೆ ಪಕ್ಕದ ಹೊಲದಲ್ಲಿ ಹೋದ ತಿಂಗಳು ಶುರುವಾದ ಕೋಳಿ ಫಾರಂ ಆ ನಕ್ಷೆಯಲ್ಲಿ ಇರಲ್ಲ. ರಾತ್ರಿಯೆಲ್ಲ ಉರಿಯೋ ಜಲ್ಲಿ ಕ್ರಷರಿನ ದೀಪ ಇರಲ್ಲ. ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಲೇಔಟು. ಅಲ್ಲಿ ನೋಡಿ, ಪಶ್ಚಿಮಕ್ಕೆ. ಕಡಲೆಕಾಯಿ ಹೊಲ ಇತ್ತು. ಈಗ ಕಮಾನು, ಅದಕ್ಕೆ ಬಣ್ಣಬಣ್ಣದ ಲೈಟು, ಒಳಗೆ ಟಾರು ರಸ್ತೆ, ರಸ್ತೆಗೆ ಸಾಲುದೀಪ. ಮನೆ? ಒಂದೂ ಇಲ್ಲ. ಸೈಟು ಕೊಂಡವರೆಲ್ಲ ಬೆಂಗಳೂರಲ್ಲಿ. ಆ ದೀಪಗಳು ರಾತ್ರಿಯಿಡೀ ಪಾರ್ಥೇನಿಯಂ ಗಿಡಕ್ಕೆ ದಾರಿ ತೋರಿಸ್ತಾ ನಿಂತಿರ್ತವೆ. ದೀಪಕ್ಕೆ ಮೇಲೊಂದು ಟೋಪಿ ಹಾಕಿ ಬೆಳಕು ನೆಲಕ್ಕೆ ಬೀಳೋ ಹಾಗೆ ಮಾಡಬಾರದಾ ಅಂದ್ರೆ, ‘ಗ್ರ್ಯಾಂಡ್ ಲುಕ್ ಬರಲ್ಲ’ ಅಂತಾರೆ.

ಇನ್ನೊಂದು ಗುಟ್ಟು. ನನ್ನ ವ್ಯಾಪಾರಕ್ಕೆ ಕಲ್ಲು ಬೀಳೋ ಮಾತು, ಆದರೂ ಹೇಳ್ತೀನಿ. ನಾನು ತಪ್ಪು ದಿಕ್ಕಿನಲ್ಲಿದೀನಿ.

ನಾವು: ದಿಕ್ಕೇ? ಇದೇನು ವಾಸ್ತುವೇ?

ಬಂಡೆ: ವಾಸ್ತು ಅಲ್ಲ, ಬೆಳಕಿನ ಲೆಕ್ಕ. ನಾನಿರೋದು ಬೆಂಗಳೂರಿಗೆ ಉತ್ತರಕ್ಕೆ. ಅಂದ್ರೆ ತುಮಕೂರು, ಬೆಂಗಳೂರು ಎರಡರ ಹೊಳಪೂ ನನ್ನ ದಕ್ಷಿಣದ ಅಂಚಿಗೆ ಬಡೀತದೆ. ನಮ್ಮ ಸೀಮೆ ಆಕಾಶದ ಐಶ್ವರ್ಯ ಇರೋದೇ ಆ ಕಡೆ! ಹದಿಮೂರು ಹದಿನಾಲ್ಕು ಡಿಗ್ರಿ ಅಕ್ಷಾಂಶದಲ್ಲಿ ಇರೋದ್ರಿಂದ ಯೂರೋಪಿನವರಿಗೆ ಕಾಣದ್ದು ನಮಗೆ ಕಾಣ್ತದೆ. ಈಗ ನೋಡಿ, ಅಗಸ್ತ್ಯ ಎದ್ದಿದ್ದಾನೆ. ಎಷ್ಟು ಮೇಲೇರಿದ್ರೂ ಸುಮಾರು 24 ಡಿಗ್ರಿ, ಅಷ್ಟೇ. ಬೆಳಗಿನ ಜಾವ ತ್ರಿಶಂಕು ಬರ್ತಾನೆ, ಅವನು ಹದಿನಾರು. ಕೈ ಚಾಚಿ ಮುಷ್ಟಿ ಹಿಡಿದ್ರೆ ಹತ್ತು ಡಿಗ್ರಿ ಅಂತ ಲೆಕ್ಕ ಇಟ್ಕೊಳಿ, ಎಷ್ಟು ಕೆಳಗೆ ಅಂತ ಗೊತ್ತಾಗುತ್ತೆ. ಅಲ್ಲಿ ಊರಿನ ಹೊಳಪು ಹಬ್ಬಿದ್ರೆ ತ್ರಿಶಂಕುವಿಗೆ ಇನ್ನೊಂದು ಸಲ ಅಧೋಗತಿ. ಬೆಂಗಳೂರಿಗೆ ದಕ್ಷಿಣಕ್ಕೆ ಹೋದ್ರೆ ಹೊಳಪು ನಿಮ್ಮ ಬೆನ್ನ ಹಿಂದೆ ಉತ್ತರಕ್ಕೆ ಉಳಿಯುತ್ತೆ, ದಕ್ಷಿಣ ತೆರೆದಿರುತ್ತೆ.

ಹಾಗಂತ ಎಲ್ಲರೂ ಈಗಲೇ ಕನಕಪುರ ರೋಡ್ ಹಿಡೀಬೇಡಿ. ಆ ಕಡೆ ಸಂಗಮದ ಸುತ್ತೆಲ್ಲ ಕಾವೇರಿ ವನ್ಯಧಾಮ, ಆನೆಗಳ ಊರು, ನಿಮ್ಮ ಟೆಂಟಿಗೆ ಅಲ್ಲಿ ಜಾಗ ಇಲ್ಲ. ಕಾಡು ಶುರುವಾಗೋ ಮುಂಚೆ, ಯಾರದೋ ಪಟ್ಟಾ ಜಮೀನಿನಲ್ಲಿ ಹುಡುಕಬೇಕು. ಉತ್ತರಕ್ಕೂ ಒಂಚೂರು ತೆರೆದಿರಲಿ. ಧ್ರುವ ನಮಗೆ ಹದಿಮೂರು ಹದಿನಾಲ್ಕು ಡಿಗ್ರಿ ಎತ್ತರದಲ್ಲೇ ಇರ್ತಾನೆ, ಒಂದು ಹುಣಸೆಮರ ಸಾಕು ಅವನನ್ನ ಮುಚ್ಚೋಕೆ. ಟೆಲಿಸ್ಕೋಪನ್ನ ಧ್ರುವಕ್ಕೆ ಕೂರಿಸಿ ಫೋಟೋ ತೆಗೆಯೋರು ಮರದ ಮಾಲೀಕನ ಹತ್ರ ಕೊಂಬೆ ಕಡಿಯೋಕೆ ಕೇಳಿ ಬೈಸ್ಕೊಂಡದ್ದನ್ನ ನಾನೇ ಕೇಳಿದ್ದೀನಿ.

ನಾವು: ದಿಕ್ಕು ಬಿಟ್ಟರೆ, ಟೆಲಿಸ್ಕೋಪಿಗೆ ನಿಮ್ಮಂಥ ಗಟ್ಟಿ, ಸಮತಟ್ಟು ಜಾಗಕ್ಕಿಂತ ಬೇರೆ ಬೇಕೆ?

ಬಂಡೆ: ಬೇಕು. ನನ್ನ ಮೇಲೆ ಇಡಲೇಬಾರದು. ಕೈ ಇಟ್ಟು ನೋಡಿ ಇಲ್ಲಿ.

(ಇಟ್ಟೆವು. ಗಾಳಿ ಹಲ್ಲು ಕಡಿಸುತ್ತಿತ್ತು, ಬಂಡೆ ಮಾತ್ರ ಬೆಚ್ಚಗಿತ್ತು.)

ಹಗಲೆಲ್ಲ ಕುಡಿದ ಬಿಸಿಲನ್ನ ರಾತ್ರಿ ಬಿಡ್ತಾ ಇರ್ತೀನಿ. ಆ ಬಿಸಿಗಾಳಿ ಮೇಲೇಳುವಾಗ ಟೆಲಿಸ್ಕೋಪಿನಲ್ಲಿ ಶನಿಯ ಉಂಗುರ ನೀರಿನೊಳಗೆ ಇದ್ದ ಹಾಗೆ ಅಲ್ಲಾಡುತ್ತೆ. ‘ಐವತ್ತು ಸಾವಿರ ಕೊಟ್ಟ ಟೆಲಿಸ್ಕೋಪು, ಮೋಸ ಆಯ್ತು’ ಅಂತ ಅಂಗಡಿಯವನನ್ನ ಬೈತಾರೆ. ಮೋಸ ಮಾಡ್ತಿರೋದು ನಾನು! ಸಿಮೆಂಟ್ ಅಂಗಳ, ಟಾರು ರಸ್ತೆ, ಕಟ್ಟಡದ ಚಾವಣಿ, ಎಲ್ಲಾ ನನ್ನ ಥರವೇ. ಟೆಲಿಸ್ಕೋಪಿಗೆ ಹುಲ್ಲು ನೆಲ ಅಥವಾ ಉತ್ತ ಮಣ್ಣು ಒಳ್ಳೇದು, ಬೇಗ ಆರುತ್ತೆ. ಟೆಲಿಸ್ಕೋಪನ್ನೂ ಕಾರಿಂದ ಇಳಿಸಿದ ತಕ್ಷಣ ನೋಡಬೇಡಿ, ಅದರ ಕನ್ನಡಿಗೂ ಹೊರಗಿನ ಚಳಿಗೆ ಹೊಂದಿಕೊಳ್ಳೋಕೆ ಒಂದು ಗಂಟೆ ಕೊಡಿ. ಹಾಗಂತ ತೀರಾ ತಗ್ಗಿಗೆ, ಕೆರೆ ಅಂಗಳಕ್ಕೆ ಇಳೀಬೇಡಿ. ಅಲ್ಲಿ ಇಬ್ಬನಿ ಸುರಿದು ಲೆನ್ಸು ಒದ್ದೆ ಆಗುತ್ತೆ, ಸೊಳ್ಳೆ ಬೇರೆ. ನಾನು ಬೆನ್ನು ಚಾಚಿ ಬರಿಗಣ್ಣಲ್ಲಿ ನೋಡೋರಿಗೆ ಲಾಯಕ್ಕು. ಹಾಸಿಗೆ ಬೆಚ್ಚಗಿರುತ್ತೆ, ದುಡ್ಡು ಕೇಳಲ್ಲ.

ನಾವು: ಚಳಿಗೆ ಕ್ಯಾಂಪ್‌ಫೈರ್ ಹಾಕಿಕೊಂಡರೆ?

ಬಂಡೆ: ಆ ಶಬ್ದ ಇಲ್ಲಿ ಎತ್ತಬೇಡಿ! ಬಂಡೆ ಮೇಲೆ ಸೌದೆ ಒಟ್ಟಿ ಬೆಂಕಿ ಹಚ್ಚಿ, ಮೇಲಿನ ಪದರ ಎಬ್ಬಿಸಿ ಚಪ್ಪಡಿ ತೆಗೆಯೋದು ಕಲ್ಲು ಕೆಲಸದವರ ಹಳೇ ವಿದ್ಯೆ. ಅವರು ಹೊಟ್ಟೆಪಾಡಿಗೆ ಮಾಡಿದ್ರು. ಇವರು ಪನೀರ್ ಟಿಕ್ಕಾಕ್ಕೆ ಮಾಡ್ತಾರೆ. ಅಲ್ಲಿ ಕಪ್ಪಗೆ ಚೆಕ್ಕೆ ಎದ್ದಿದೆ ನೋಡಿ, ಅದು ಯಾವುದೋ ಕಂಪನಿಯ ಟೀಂ ಔಟಿಂಗು. ಸುತ್ತ ಒಣಗಿದ ಬಾದೆಹುಲ್ಲು, ಒಂದು ಕಿಡಿ ಸಾಕು. ಅದಿರಲಿ, ಕಣ್ಣಿನ ಕಥೆ ಏನು? ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಬೆಂಕಿ ಮುಂದೆ ಕೂತವರು, ಫೋನ್ ನೋಡಿದವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಮೂವತ್ತು ಜನರ ಗುಂಪಿನಲ್ಲಿ ಯಾರಾದರೊಬ್ಬರು ಐದು ನಿಮಿಷಕ್ಕೊಂದ್ಸಲ ಫೋನ್ ತೆಗೀತಾರೆ, ಅವರ ಬೆಳಕು ಮಿಕ್ಕವರ ಮುಖಕ್ಕೂ ಹೊಡೆಯುತ್ತೆ. ಹಾಗೆ ಲೆಕ್ಕ ಹಾಕಿದ್ರೆ ಆ ಗುಂಪು ಇಡೀ ರಾತ್ರಿ ಕತ್ತಲನ್ನ ನೋಡೋದೇ ಇಲ್ಲ.

ನಾವು: ಹಾಗಾದರೆ ಗುಂಪು ಎಷ್ಟಿರಬೇಕು?

ಬಂಡೆ: ಟೆಲಿಸ್ಕೋಪು ಒಂದೇ ಆದ್ರೆ ಹತ್ತು ಜನ ದಾಟಬೇಡಿ. ಕೈಯಲ್ಲಿ ತಿರುಗಿಸೋ ಟೆಲಿಸ್ಕೋಪಿನಲ್ಲಿ ಶನಿಯನ್ನ ಹಿಡಿದಿಟ್ರೆ, ಭೂಮಿ ತಿರುಗೋದ್ರಿಂದ ಒಂದೆರಡು ನಿಮಿಷದಲ್ಲಿ ಅದು ಜಾರಿ ಹೋಗುತ್ತೆ. ಹಿಂದೆ ಸಾಲು ತಿರುಪತಿಯ ಥರ ‘ಜರಗಂಡಿ, ಜರಗಂಡಿ’ ಅಂತ ನೂಕ್ತಾ ಇರುತ್ತೆ. ಮೊದಲ ಇಬ್ಬರು ಶನಿ ನೋಡಿ ‘ಆಹಾ’ ಅಂತಾರೆ. ನಾಲ್ಕನೆಯವರಿಗೆ ಸಿಗೋದು ಬರೀ ಕಪ್ಪು. ಅವರೂ ‘ಆಹಾ’ ಅಂತಾರೆ. ಅರುಂಧತಿ ಕಾಲದಿಂದ ಬಂದ ಅಭ್ಯಾಸ.

ನಾವು: ಹಾವು, ಚೇಳು?

ಬಂಡೆ: ಇರ್ತವೆ, ಅವು ಬಾಡಿಗೆ ಕೊಡದ ಹಳೇ ಒಕ್ಕಲು. ಕೊಳಕುಮಂಡಲ, ಗರಗಸ ಮಂಡಲ ಎರಡೂ ಈ ಒಣ ಸೀಮೆಯವೇ. ಕರಡಿ, ಚಿರತೆ ಬೆಟ್ಟದಿಂದ ಇಳಿಯೋದೂ ಉಂಟು. ಶೂ ಹಾಕ್ಕೊಳಿ, ಹಾಕ್ಕೊಳೋ ಮುಂಚೆ ಕೊಡವಿ, ಟೆಂಟಿನ ಜಿಪ್ಪು ಎಳೀರಿ. ಕತ್ತಲಿಗೆ ಹೊಂದಿದ ಕಣ್ಣು ಕೆಡದಿರಲಿ ಅಂತ ಕೆಂಪು ಟಾರ್ಚು ಹಿಡಿಯೋ ಶಿಸ್ತನ್ನ ನಡೆಯುವಾಗ ಬಿಟ್ಟು ಬಿಳಿ ಟಾರ್ಚನ್ನ ನೆಲಕ್ಕೆ ಹಿಡೀರಿ. ಸುತ್ತಲಿನವರು ಕಣ್ಣು ಮುಚ್ಕೊಳ್ಳಲಿ, ಹಾವು ಕಚ್ಚಿಸಿಕೊಂಡು ಕೃತ್ತಿಕೆ ಎಣಿಸೋಕಾಗಲ್ಲ. ತಾಲ್ಲೂಕು ಆಸ್ಪತ್ರೆಗೆ ದಾರಿ ಯಾವುದು ಅಂತ ಹಗಲಲ್ಲೇ ನೋಡ್ಕೊಳಿ. ಕಾರುಗಳನ್ನ ರಸ್ತೆ ಕಡೆ ಮೂತಿ ಮಾಡಿ ದೂರ ನಿಲ್ಲಿಸಿ, ಯಾರಾದ್ರೂ ನಡುರಾತ್ರಿ ಹೊರಟ್ರೆ ಹೆಡ್‌ಲೈಟು ಎಲ್ಲರ ಮೇಲೆ ಸುತ್ತಬಾರದು. ಮೈದನಹಳ್ಳಿ ಕಡೆಯಿಂದ ಬರೋರಿಗೆ ಇನ್ನೊಂದು ಮಾತು, ಅಲ್ಲಿ ಕೃಷ್ಣಮೃಗಗಳಿವೆ, ಅವುಗಳ ಕಣ್ಣಿಗೆ ಹೈಬೀಮ್ ಹಾಕಿ ವಿಡಿಯೋ ಮಾಡಬೇಡಿ.

ಆಮೇಲೆ ಶೌಚದ ವಿಷಯ. ಗಂಡಸರು ಪ್ಲಾನ್ ಮಾಡಿದ ಕ್ಯಾಂಪಿನಲ್ಲಿ ಇದನ್ನ ಯಾರೂ ಯೋಚಿಸಿರಲ್ಲ. ಹೆಣ್ಣುಮಕ್ಕಳು ಸಂಜೆಯಿಂದ ನೀರು ಕುಡಿಯೋದೇ ಬಿಟ್ಟು ಕೂತಿರ್ತಾರೆ. ಹತ್ತಿರದಲ್ಲಿ ಒಂದು ಮನೆ, ಒಂದು ಬಚ್ಚಲು ಇರೋ ಜಾಗ ನೋಡಿ. ವೆಸ್ಟರ್ನೋ ಇಂಡಿಯನ್ನೋ ಆಮೇಲೆ.

ನಾವು: ಇಷ್ಟೆಲ್ಲ ತಲೆನೋವು ಯಾಕೆ, ‘ಸ್ಟಾರ್‌ಗೇಜಿಂಗ್ ಪ್ಯಾಕೇಜ್’ ಕೊಡುವ ರೆಸಾರ್ಟಿಗೇ ಹೋದರಾಗದೇ?

ಬಂಡೆ: ಹೋಗಿ. ಮರಮರಕ್ಕೂ ಸುತ್ತಿದ ಮಿಣಮಿಣ ಸೀರಿಯಲ್ ಸೆಟ್ಟನ್ನೇ ನಕ್ಷತ್ರ ಅಂದ್ಕೊಂಡು ಬನ್ನಿ. ಹತ್ತೂವರೆಗೆ ಡಿಜೆ ನಿಲ್ಲಿಸ್ತಾರೆ, ಹತ್ತು ಮುಕ್ಕಾಲಿಗೆ ಒಬ್ಬರು ಲೇಸರ್ ಪೆನ್ನು ಹಿಡಿದು ಬಂದು ಮೂರು ರಾಶಿ ತೋರಿಸ್ತಾರೆ, ಹನ್ನೊಂದಕ್ಕೆ ಬಫೆ ಕ್ಲೋಸು.

ನಾವು: ವೃತ್ತಿಯ ಖಗೋಳವಿಜ್ಞಾನಿಗಳು ಜಾಗ ಹುಡುಕುವ ಕ್ರಮದಿಂದ ನಾವೇನಾದರೂ ಕಲಿಯಬಹುದೇ?

ಬಂಡೆ: ಅವರದು ವರ್ಷಗಟ್ಟಲೆ ತಪಸ್ಸು. ವೇಣು ಬಾಪು ಅವರು 1960ರ ದಶಕದಲ್ಲಿ ಹುಡುಕಿ ಹುಡುಕಿ ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವೆ ಕಾವಲೂರು ಹಿಡಿದ್ರು. ದಕ್ಷಿಣದ ಆಕಾಶ ಸಿಗಲಿ ಅನ್ನೋದು ಅವರಿಗೂ ಮುಖ್ಯವಾಗಿತ್ತು, ನಾನು ಆಗ ಹೇಳಿದ ಲೆಕ್ಕವೇ. 1986ರಲ್ಲಿ ಅಲ್ಲಿ 2.34 ಮೀಟರ್ ಕನ್ನಡಿಯ ಟೆಲಿಸ್ಕೋಪು ನಿಂತು ಬಾಪು ಅವರ ಹೆಸರು ಹೊತ್ತಿತು. ಆಮೇಲೆ ಖಗೋಳವಿಜ್ಞಾನಿಗಳು ಮೋಡ ಇಲ್ಲದ ಜಾಗ ಬೇಕು ಅಂತ ಲಡಾಖಿನ ಹಾನ್ಲೆಗೆ, ಸುಮಾರು 4,500 ಮೀಟರ್ ಎತ್ತರಕ್ಕೆ ಹತ್ತಿದ್ರು. ತಮಾಷೆ ಏನು ಗೊತ್ತಾ? ಅಲ್ಲಿರೋ 2 ಮೀಟರ್ ಟೆಲಿಸ್ಕೋಪನ್ನ ಓಡಿಸೋದು ನಮ್ಮ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. ಬೆಂಗಳೂರಿನ ಸುತ್ತಲ ಆಕಾಶ ಕೆಟ್ಟಿದ್ರೂ ಹೊಸಕೋಟೆಯವರಿಗೆ ನಕ್ಷತ್ರದ ಕೊರತೆ ಇಲ್ಲ.

ಹಾನ್ಲೆಯನ್ನ 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಿಸಿದ್ರು. ಆಗ ಅವರು ಮಾಡಿದ ಜಾಣತನದ ಕೆಲಸ ಅಂದ್ರೆ, ಸುತ್ತಲ ಹಳ್ಳಿಯವರಿಗೇ ಟೆಲಿಸ್ಕೋಪು ಕೊಟ್ಟು, ಬಂದವರಿಗೆ ಆಕಾಶ ತೋರಿಸೋಕೆ ತರಬೇತಿ ಕೊಟ್ಟಿದ್ದು. ಕತ್ತಲಿನಿಂದ ತಮಗೂ ನಾಲ್ಕು ಕಾಸು ಅಂತ ಗೊತ್ತಾದ್ರೆ ಯಾವ ಊರಿನವರಾದ್ರೂ ದೀಪಕ್ಕೆ ಟೋಪಿ ಹಾಕ್ತಾರೆ. ನಮ್ಮ ಜಿಲ್ಲೆಯಲ್ಲಿ ಕತ್ತಲು ಅಂದ್ರೆ ಅಭಿವೃದ್ಧಿ ಆಗಿಲ್ಲ ಅಂತ ಅರ್ಥ. ಪ್ರತಿ ಚುನಾವಣೆಗೂ ಒಂದು ಹೈಮಾಸ್ಟ್ ದೀಪ ಉದ್ಘಾಟನೆ.

ನಾವು: ಹಾಗಾದರೆ ಓದುಗರಿಗೆ ನಿಮ್ಮ ವಿಳಾಸ ಕೊಡಬಹುದೇ? ಲೊಕೇಷನ್ ಪಿನ್ ಹಾಕಿದರೆ...

ಬಂಡೆ: ಖಬರ್ದಾರ್! ಹಾಗೆ ಪಿನ್ ಹಾಕಿಸ್ಕೊಂಡ ನೆಂಟನೊಬ್ಬನ ಮೇಲೆ ಈಗ ಸೆಲ್ಫಿ ಪಾಯಿಂಟ್ ಬೋರ್ಡು, ಬೋರ್ಡಿಗೆ ಎರಡು ಫೋಕಸ್ ಲೈಟು. ತಾಲ್ಲೂಕಿನ ಹೆಸರು ಬರೆದಿದ್ದೇ ಹೆಚ್ಚಾಯ್ತು.

ನಿಮ್ಮ ಓದುಗರು ನನ್ನನ್ನ ಹುಡುಕಬೇಕಾಗೇ ಇಲ್ಲ ಸ್ವಾಮಿ. ರಾಗಿ ಕೊಯ್ದು ಮುಗಿದ ಹೊಲ ಸಾಕು. ಮಣ್ಣು ಬೇಗ ಆರುತ್ತೆ, ಸುತ್ತ ಬಯಲು, ಪೈರು ತುಳಿಯೋ ಭಯ ಇಲ್ಲ. ಹೊಲದ ಯಜಮಾನ ಗೊತ್ತಿದ್ರೆ ದೊಣ್ಣೆ ಹಿಡಿದು ಯಾರೂ ಬರಲ್ಲ, ಬಚ್ಚಲುಮನೆ ಸಿಗುತ್ತೆ, ರಾತ್ರಿ ಮುದ್ದೆ ಸಾರೂ ಸಿಗುತ್ತೆ, ಹಿತ್ತಲ ಬಲ್ಬು ಆರಿಸು ಚಿಕ್ಕಪ್ಪ ಅಂದ್ರೆ ಆರಿಸ್ತಾನೆ. ಬೆಂಗಳೂರಿನಲ್ಲಿ ವಾಟ್ಸಾಪ್ ಪೋಲ್ ಹಾಕ್ತಾ ಕೂತಿರೋರಲ್ಲಿ ಅರ್ಧಕ್ಕರ್ಧ ಜನಕ್ಕೆ ಅಂಥ ಚಿಕ್ಕಪ್ಪನೋ ಮಾವನೋ ಒಬ್ಬ ಇದ್ದೇ ಇರ್ತಾನೆ, ಫೋನ್ ಮಾಡಿ ಮೂರು ವರ್ಷ ಆಗಿರುತ್ತೆ ಅಷ್ಟೇ. ಮುಂದಿನ ಅಮಾವಾಸ್ಯೆಗೆ ಮುಂಚೆ ಅವನಿಗೊಂದು ಫೋನ್ ಹಚ್ಚಿ. ಹೋಗುವಾಗ ಅವನ ಮೊಮ್ಮಕ್ಕಳಿಗೆ ಶನಿ ತೋರಿಸೋ ಸರದಿ ಮೊದಲು ಇಡಿ.